ನೀಲಿ ಏಡಿಯ ಕೆಂಪೆಣ್ಣೆ

ಗೋರಿನೊ,
ನವೆಂಬರ್ 14, ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಮಗಳೇ, ಇಲೇನಿಯಾ,

ನಿನ್ನ ಎಡಗಿವಿ ಹೇಗಿದೆ? ಫೆಲ್ತ್ರೆಯ ಸುತ್ತಲಿನ ಬೆಟ್ಟಗಳ ಮೇಲೆ ಆಗಲೇ ಹಿಮ ಬಿದ್ದಿದೆಯೆಂದು ಅಮ್ಮ ಹೇಳಿದಳು. ಚಳಿಗಾಳಿ ಮೊದಲು ನುಗ್ಗುವುದೇ ನಿನ್ನ ಆ ಕಿವಿಗೆ. ಐದು ವರ್ಷದವಳಿದ್ದಾಗ ದೋಣಿಯ ಮೂತಿಯಲ್ಲಿ ಕುಳಿತು ಬಂದ ದಿನವೆಲ್ಲ ಸಂಜೆ ಎಣ್ಣೆ ಬೆಚ್ಚಗೆ ಮಾಡಿ ಹಾಕಬೇಕಾಗುತ್ತಿತ್ತು. ಅಲ್ಲಿ ಹಾಕುವವರು ಯಾರಿದ್ದಾರೆ? ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೋ, ಶಾಲೆಯ ಮಕ್ಕಳು ನಕ್ಕರೆ ನಗಲಿ. ಸರಿಯಾಗಿ ಊಟ ಮಾಡುತ್ತೀಯಾ? ಬೆಟ್ಟದವರು ಮೀನು ಬೇಯಿಸುವುದನ್ನು ನಾನೊಮ್ಮೆ ನೋಡಿದ್ದೇನೆ, ಅದರ ಬಗ್ಗೆ ಏನೂ ಹೇಳದಿರುವುದೇ ವಾಸಿ. ಭಾನುವಾರ ನೀನು ಅಮ್ಮನ ಜೊತೆ ಮಾತಾಡುವಾಗ ನಾನು ಪಕ್ಕದಲ್ಲೇ ಕುಳಿತಿರುತ್ತೇನೆ. ಫೋನು ನನ್ನ ಕೈಗೆ ಬಂದ ಕೂಡಲೇ ನಿನಗೆ ಮಕ್ಕಳ ನೋಟ್‌ಬುಕ್ಕು ತಿದ್ದುವ ಕೆಲಸ ನೆನಪಾಗುತ್ತದೆ. ತಪ್ಪು ಹೊರಿಸುತ್ತಿಲ್ಲ. ಫೋನಿನಲ್ಲಿ ಹೇಳಲಾಗದ್ದನ್ನು ಕಾಗದದಲ್ಲಿ ಹೇಳೋಣವೆಂದು ಕುಳಿತಿದ್ದೇನೆ, ಅಷ್ಟೇ. ಸೈನ್ಯದಲ್ಲಿದ್ದಾಗ ನನ್ನ ಅಮ್ಮನಿಗೆ ಬರೆದದ್ದೇ ಕೊನೆ, ಆಮೇಲೆ ನಾನು ಯಾರಿಗೂ ಪತ್ರ ಬರೆದವನಲ್ಲ. ಅಕ್ಷರ ಓದಲಾಗದಿದ್ದರೆ ಬೈದುಕೊಂಡಾದರೂ ಕೊನೆಯವರೆಗೆ ಓದು.

ಬೆಳಿಗ್ಗೆಯಿಂದ ಮೂರು ಸಲ ಕುಳಿತು ಮೂರು ಸಲ ಎದ್ದೆ. ಕುಳಿತಲ್ಲಿ ಕೂರಲಾಗುತ್ತಿಲ್ಲ. ಎರಡು ದಿನದಿಂದ ತೆಂಕಣ ಗಾಳಿ ಬಿಟ್ಟೂಬಿಡದೆ ಬೀಸುತ್ತಿದೆ, ಹಿನ್ನೀರು ದಂಡೆಯ ಕಲ್ಲನ್ನು ನೆಕ್ಕುತ್ತಿದೆ. ದೋಣಿ ಸರಿಯಾಗಿಯೇ ಕಟ್ಟಿದೆ ಎಂದು ಗೊತ್ತಿದ್ದೂ ಹೋಗಿ ಹಗ್ಗ ಬಿಚ್ಚಿ ಮತ್ತೆ ಕಟ್ಟಿ ಬಂದೆ. ಕಾಫಿ ಮಾಡಿದೆ, ಕುಡಿಯಲಿಲ್ಲ. ಅಮ್ಮ ಸಹಕಾರಿ ಸಂಘದ ಶೆಡ್ಡಿಗೆ ಏಡಿ ಬಿಡಿಸಲು ಹೋಗಿದ್ದಾಳೆ. ಅವಳ ಬೆರಳ ತುದಿಗಳಲ್ಲಿ ಗಾಯವಿಲ್ಲದ ಜಾಗವೇ ಇಲ್ಲ. ಕೈಗವಸು ಹಾಕಿಕೋ ಎಂದರೆ, ಹಾಕಿಕೊಂಡರೆ ಮಾಂಸ ಯಾವುದು ಚಿಪ್ಪು ಯಾವುದು ತಿಳಿಯುವುದಿಲ್ಲ ಎನ್ನುತ್ತಾಳೆ. ನನ್ನ ಜೊತೆ ಅವಳ ಮಾತು ಈಗ ಅಷ್ಟಕ್ಕಷ್ಟೆ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲಿನಿಂದ ಹೇಳಿಕೊಂಡು ಬರದಿದ್ದರೆ ನನಗೆ ಮುಖ್ಯವಾದ ಮಾತಿಗೆ ಬರಲಾಗುವುದಿಲ್ಲ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ ಅನ್ನಿಸಿದರೆ ಸಹಿಸಿಕೋ. ಎರಡು ಬೇಸಿಗೆಗಳ ಹಿಂದೆ ಆ ನೀಲಿ ಏಡಿ ಬಂತು. ನಮ್ಮ ಕಪ್ಪೆಚಿಪ್ಪಿನ ಪಾತಿಗಳಲ್ಲಿ ಮೂವತ್ತೈದು ವರ್ಷ ನಾನೂ ನಿನ್ನ ಜೆಲಿಂದೊ ಮಾವನೂ ಬಿತ್ತಿ ಬೆಳೆದದ್ದನ್ನು ಒಂದೇ ಬೇಸಿಗೆಯಲ್ಲಿ ಕಟಕಟನೆ ಒಡೆದು ತಿಂದು ಮುಗಿಸಿತು. ಕೊಕ್ಕೆ ಹಾಕಿ ಎಳೆದರೆ ಬರೀ ಖಾಲಿ ಚಿಪ್ಪು. ಆಮೇಲೆ ಊರಿಗೆ ಊರೇ ಆ ಏಡಿಯನ್ನೇ ಹಿಡಿದು, ಮಾಂಸ ಬಿಡಿಸಿ ಮಾರುವುದಕ್ಕೆ ಇಳಿಯಿತು. ಚಿಪ್ಪು ಮಾತ್ರ ಗುಡ್ಡೆಗುಡ್ಡೆಯಾಗಿ ಕೊಳೆತು ನಾರುತ್ತಿತ್ತು. ಅದನ್ನು ಸಾಗಿಸಿ ಹೂಳಿಸುವುದಕ್ಕೂ ಸಂಘವೇ ದುಡ್ಡು ಕೊಡಬೇಕಾಗಿತ್ತು. ಆಗ ನೀನು ಫೆರಾರಾದ ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಬಂದು, ಈ ಕಸದಲ್ಲೇ ಬೆಲೆಬಾಳುವ ಬಣ್ಣವಿದೆ, ತೆಗೆಯಬಹುದು ಎಂದೆ. ಅಧ್ಯಕ್ಷೆ ವಾಂದಾ ಒಬ್ಬಳೇ ನಿನ್ನನ್ನು ನಂಬಿದ್ದು. ನಾನು ನಂಬಲಿಲ್ಲ. ಬಾರಿನಲ್ಲಿ ಇಸ್ಪೀಟಾಡುತ್ತಾ ಎಲ್ಲರೆದುರು, "ತೋಟ ತಿಂದ ಕಳ್ಳನ್ನ ಹಿಡ್ದು ಅವನ ಅಂಗಿ ಹಿಂಡಿ ಎಣ್ಣೆ ತೆಗೀತಾಳಂತೆ ನನ್ನ ಮಗಳು" ಎಂದು ನಗಿಸಿದವನು ನಾನೇ. ನಿನಗೆ ಆ ಮಾತು ಯಾರೋ ಮುಟ್ಟಿಸಿದರು. ನೀನು ನಿನ್ನ ಕೆಲಸ ಮುಂದುವರಿಸಿದೆ.

ಹಳೆಯ ಮಂಜುಗಡ್ಡೆಯ ಗೋದಾಮಿನಲ್ಲಿ ನೀನು ಆ ಉಕ್ಕಿನ ಹಂಡೆಯನ್ನು ನಿಲ್ಲಿಸಿದ ದಿನ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹಂಡೆಯ ಗೋಡೆ ನಾಲ್ಕು ಬೆರಳು ದಪ್ಪ. ಒಳಗೆ ಒಣಗಿಸಿ ಬೀಸಿದ ಚಿಪ್ಪಿನ ಪುಡಿ, ಅದರ ಮೇಲೆ ಸೋಡಾ ಬಾಟಲಿಯಲ್ಲಿ ಬುಸುಗುಡುವ ಅದೇ ಗ್ಯಾಸು. ನಾವು ಉಸಿರಾಡುವ ಗಾಳಿಯ ಮುನ್ನೂರು ಪಟ್ಟು ಒತ್ತಡ. ನಿನ್ನ ಮಾತು ಇನ್ನೂ ಕಿವಿಯಲ್ಲಿದೆ. "ಅಷ್ಟು ಅದುಮಿದ್ರೆ ಅದು ಗ್ಯಾಸೂ ಅಲ್ಲ, ನೀರೂ ಅಲ್ಲ ಅಪ್ಪಾ. ಗ್ಯಾಸಿನ ಹಾಗೆ ಸಂದಿಗೊಂದಿಗೆಲ್ಲ ನುಗ್ಗತ್ತೆ, ನೀರಿನ ಹಾಗೆ ಬಣ್ಣ ತೊಳ್ಕೊಂಡು ಬರತ್ತೆ. ಒತ್ತಡ ಬಿಟ್ರೆ ಗ್ಯಾಸು ಹಾರಿ ಹೋಗತ್ತೆ, ಎಣ್ಣೆ ಉಳಿಯತ್ತೆ." ಅರ್ಥವಾದವನಂತೆ ತಲೆಯಾಡಿಸಿದೆ. ಮೊದಲ ಸಲ ಕೆಳಗಿನ ಗಾಜಿನ ಬಟ್ಟಲಿಗೆ ಕೆಂಪೆಣ್ಣೆ ದಪ್ಪಗೆ, ಒಂದೊಂದೇ ಹನಿಯಾಗಿ ಬಿತ್ತಲ್ಲ, ಆಗ ನಿಜವಾಗಿ ಅರ್ಥವಾಯಿತು. ಏಡಿ ಬೇಯಿಸಿದರೆ ಕೆಂಪಾಗುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಆ ಕೆಂಪು ಎಲ್ಲಿಂದ ಬರುತ್ತದೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಜೆಲಿಂದೊ ಬಟ್ಟಲನ್ನು ಬೆಳಕಿಗೆ ಹಿಡಿದು, "ಭಾವಾ, ನಮ್ಮ ಪಾತಿ ತಿಂದಿದ್ದು ಇಲ್ಲಿ ಬಂತು ನೋಡು" ಎಂದ. ಮರುದಿನವೇ ನಾನು ಬಂದು ನಿನ್ನಲ್ಲಿ ಕೆಲಸ ಕೇಳಿದೆ. ಚಿಪ್ಪು ಒಣಗಿಸುವ ಒಲೆ ನನಗೆ, ಹಂಡೆಯ ಕೆಳಗಿನ ಬಟ್ಟಲು ಮತ್ತು ನಟ್ಟುಗಳು ಮಾವನಿಗೆ ಎಂದು ನೀನು ಹಂಚಿದೆ. ಮನೆಯಲ್ಲಿ ಮಗಳು, ಶೆಡ್ಡಿನಲ್ಲಿ ಯಜಮಾನಿ. ಬಾರಿನಲ್ಲಿ ನನ್ನನ್ನು ಕಂಡರೆ ಸಾಕು, "ಏನೋ ಅದೆಲ್ಮೊ, ಮಗಳು ರಜಾ ಕೊಟ್ಲಾ?" ಎಂದು ಕೆಣಕುತ್ತಿದ್ದರು. ನನಗೆ ಅದು ಕೇಳಲು ಹಿತವಾಗಿಯೇ ಇತ್ತು.

ಈಗ ಮಾರ್ಚ್ ಹನ್ನೊಂದು, ಮಂಗಳವಾರದ ಮಾತಿಗೆ ಬರುತ್ತೇನೆ. ಆ ಶುಕ್ರವಾರ ಪಾರ್ಮಾದಿಂದ ಮುಖಕ್ಕೆ ಹಚ್ಚುವ ಕ್ರೀಮು ಮಾಡುವವರು ಎಣ್ಣೆ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಸಂಘ ಎರಡನೆಯ ಹಂಡೆ ತರಿಸುತ್ತದೆ, ಒಪ್ಪದಿದ್ದರೆ ಇರುವುದನ್ನೂ ಮುಚ್ಚುತ್ತದೆ. ನೀನು ಹದಿನೈದು ದಿನದಿಂದ ಸರಿಯಾಗಿ ಉಂಡಿರಲಿಲ್ಲ, ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ಇರುವ ಪುಡಿ ಒಂದು ಸರದಿಗೆ ಮಾತ್ರ ಸಾಕಾಗುತ್ತದೆ, ಅಷ್ಟರಲ್ಲೇ ತೋರಿಸೋಣ ಎಂದು ನೀನೇ ಹೇಳಿದ್ದೆ. ನಾನು ಮನಸ್ಸಿನಲ್ಲೇ ಬೇರೆ ಲೆಕ್ಕ ಹಾಕಿದೆ. ಹನ್ನೆರಡು ಗಂಟೆ ಒಣಗಬೇಕಾದ ಚಿಪ್ಪನ್ನು ಒಂಬತ್ತು ಗಂಟೆಗೇ ತೆಗೆದು, ಒಲೆಗೆ ಎರಡನೆಯ ಸರದಿ ಹಾಕಿದೆ. ಬೆರಳಿನಲ್ಲಿ ಉಜ್ಜಿದರೆ ಒಣಗಿದಂತೆಯೇ ಇತ್ತು, ದೇವರಾಣೆ ಒಣಗಿದಂತೆಯೇ ಇತ್ತು. ತೇವ ಅಳೆಯುವ ತಕ್ಕಡಿಯಲ್ಲಿ ಇಟ್ಟರೆ ಇಪ್ಪತ್ತು ನಿಮಿಷ ಬೇಕು. ಇಡಲಿಲ್ಲ. ಪುಸ್ತಕದಲ್ಲಿ ತೇವದ ಜಾಗದಲ್ಲಿ ಏಳು ಎಂದು ಬರೆದು ಸಹಿ ಹಾಕಿದೆ. ನೂರಕ್ಕೆ ಎಂಟಕ್ಕಿಂತ ಹೆಚ್ಚಿರಬಾರದು ಎಂದು ಗೋಡೆಯ ಮೇಲೆ ನೀನೇ ಕೆಂಪು ಅಕ್ಷರದಲ್ಲಿ ಬರೆದಿದ್ದೆ. ಬುಧವಾರ ಬೆಳಿಗ್ಗೆ ಎರಡು ಸರದಿಯ ಪುಡಿ ನೋಡಿ ನೀನು ನನ್ನ ತಲೆಗೆ ಮುತ್ತಿಟ್ಟು, "ಅಪ್ಪಾ, ನೀನಿಲ್ದಿದ್ರೆ ಏನ್ ಗತಿ ನಂಗೆ" ಎಂದೆ. ಆಗಲಾದರೂ ಹೇಳಬಹುದಿತ್ತು. ಆ ಮಾತು ಎಷ್ಟು ಸಿಹಿಯಾಗಿತ್ತೆಂದರೆ ಬಾಯಿ ತೆರೆಯಲಾಗಲಿಲ್ಲ.

ಅಂದು ಹನ್ನೊಂದೂವರೆಗೆ ಏನಾಯಿತೆಂದು ನಿನಗೆ ಹೇಳಬೇಕಾಗಿಲ್ಲ. ಆದರೆ ನಾನು ಕಂಡದ್ದನ್ನು ಯಾರಿಗೂ ಹೇಳಿಲ್ಲ. ನೀನು ವಾಲ್ವು ತೆರೆದು ಒತ್ತಡ ಬಿಟ್ಟೆ. ಬುಸುಗುಡುವ ಸದ್ದು ಸಣ್ಣದಾಗಿ ನಿಂತಿತು, ಮೀಟರಿನ ಮುಳ್ಳು ಸೊನ್ನೆಗೆ ಬಂತು. ಎಲ್ಲ ಖಾಲಿಯಾಯಿತೆಂದುಕೊಂಡು ಮಾವ ಬಟ್ಟಲಿನ ನಟ್ಟು ಸಡಿಲಿಸತೊಡಗಿದ. ಗ್ಯಾಸು ಖಾಲಿಯಾಗಿರಲಿಲ್ಲ. ಒತ್ತಡ ಬಿಡುವಾಗ ಗ್ಯಾಸು ಹಿಮದಂತೆ ತಣ್ಣಗಾಗುತ್ತದೆಯಲ್ಲ, ಪುಡಿಯಲ್ಲಿದ್ದ ನೀರು ಕೊಳವೆಯೊಳಗೆ ಮಂಜುಗಡ್ಡೆಯಾಗಿ ಬಿರಡೆಯಂತೆ ಕುಳಿತಿತ್ತು, ಮುಳ್ಳಿಗೂ ಹಂಡೆಗೂ ನಡುವೆ. ಬಿರಡೆ ಕಿತ್ತು ಹಾರಿತು. ಬಂದೂಕಿನ ಸದ್ದು, ಬಿಳಿ ಹೊಗೆ. ಹೊಗೆ ಸರಿದಾಗ ಮಾವ ನೆಲದ ಮೇಲೆ ಕುಳಿತು ತನ್ನ ಬಲಗೈಯನ್ನು ಬೇರೆಯವರ ವಸ್ತುವನ್ನು ನೋಡುವಂತೆ ನೋಡುತ್ತಿದ್ದ. ಉಂಗುರದ ಬೆರಳು, ಕಿರುಬೆರಳು ಎರಡೂ ಹೋದವು. ನೀನು ಅವನ ಕೈಗೆ ನಿನ್ನ ಅಂಗಿ ಸುತ್ತುತ್ತಿದ್ದೆ. ನಾನು ಗೋಡೆಗಂಟಿ ನಿಂತಿದ್ದೆ. ಶನಿವಾರ ನೀನು ರಾಜೀನಾಮೆ ಕೊಟ್ಟೆ. "ನನ್ನ ಲೆಕ್ಕ ತಪ್ಪಾಗಿತ್ತು" ಎಂದು ಒಂದೇ ಸಾಲು. ಸೋಮವಾರ ನೀನು ಬಸ್ಸು ಹತ್ತಿದಾಗ ಪೆಟ್ಟಿಗೆ ಎತ್ತಿ ಕೊಟ್ಟವನೂ ನಾನೇ.

ಎಂಟು ತಿಂಗಳು. ನಾಳೆ ಹೇಳೋಣ, ಅವಳು ಈಸ್ಟರಿಗೆ ಬಂದಾಗ ಹೇಳೋಣ, ಮಾವನ ಗಾಯ ಒಣಗಲಿ ಎಂದು ತಳ್ಳುತ್ತಾ ಬಂದೆ. ನೀನು ಈಸ್ಟರಿಗೂ ಬರಲಿಲ್ಲ. ಅಕ್ಟೋಬರಿನಲ್ಲಿ ಸಂಘದವರು ಹಂಡೆಯನ್ನು ಇಟ್ಟುಕೊಳ್ಳುವುದೋ ಗುಜರಿಗೆ ಹಾಕುವುದೋ ತೀರ್ಮಾನಿಸಲು ಪಾದೊವಾದಿಂದ ಒಬ್ಬ ಎಂಜಿನಿಯರನ್ನು ಕರೆಸಿದರು. ಮಿತಭಾಷಿ, ವಯಸ್ಸಾದವನು. ಎರಡು ದಿನ ಎಲ್ಲ ಬಿಚ್ಚಿ ನೋಡಿ ನಮ್ಮೆಲ್ಲರೆದುರು ಹೇಳಿದ: "ಪುಡಿ ಒಣಗಿತ್ತು ಅಂತ ಪುಸ್ತಕದಲ್ಲಿದೆ. ಒಣಗಿದ ಪುಡಿ ಇದ್ದೂ ಕೊಳವೆ ಹೆಪ್ಪುಗಟ್ಟಿದೆ ಅಂದ್ರೆ ವಾಲ್ವಿನ ಹೀಟರು ಸಾಲದು. ಅಂದ್ರೆ ವಿನ್ಯಾಸವೇ ತಪ್ಪು. ಹಾಗೇ ಬರೀತೀನಿ." ಹಾಗೆ ಬರೆದರೆ ನಿನಗೆ ಇನ್ನು ಯಾವ ಕಾರ್ಖಾನೆಯೂ ಬಾಗಿಲು ತೆರೆಯುವುದಿಲ್ಲ ಎಂದು ನನಗೆ ತಿಳಿಯಿತು. ವಾಂದಾ ನನ್ನತ್ತ ನೋಡಿ, "ಅದೆಲ್ಮೊ, ನೀನೇನಾದ್ರೂ ಹೇಳೋದಿದ್ಯಾ?" ಎಂದಳು. ಮಗಳ ಪರವಾಗಿ ಏನಾದರೂ ಹೇಳಲಿ ಎಂಬ ಕರುಣೆಯಿಂದ ಕೇಳಿದ್ದು. ಇಲ್ಲ ಎಂದು ತಲೆಯಾಡಿಸಿದೆ. ಮಗಳೇ, ಮಾರ್ಚಿನದು ಅವಸರದಲ್ಲಿ ಮಾಡಿದ ತಪ್ಪು. ಇದನ್ನು ಮಾತ್ರ ತಿಳಿದೂ ತಿಳಿದೂ ಮಾಡಿದೆ.

ಆಮೇಲಿನ ನಾಲ್ಕು ದಿನ ನಾನು ಮನುಷ್ಯನಾಗಿರಲಿಲ್ಲ. ದಂಡೆಯುದ್ದಕ್ಕೂ ದೀಪಸ್ತಂಭದವರೆಗೆ ನಡೆಯುವುದು, ತಿರುಗಿ ಬರುವುದು. ಐದನೆಯ ದಿನ ಕಾಲು ತಾನಾಗಿಯೇ ಜೆಲಿಂದೊನ ಮನೆಗೆ ಹೋಯಿತು. ಅವನು ಅಂಗಳದಲ್ಲಿ ಬಲೆ ಹೊಲಿಯುವುದನ್ನು ಎಡಗೈಗೆ ಕಲಿಸುತ್ತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಅವನು ಬಲೆಯಿಂದ ತಲೆಯೆತ್ತಲಿಲ್ಲ. ಗಂಟು ಮುಗಿಸಿ, ದಾರ ಹಲ್ಲಿನಲ್ಲಿ ಕಡಿದು, ಆಮೇಲೆ ಹೇಳಿದ: "ಬೆರಳು ಹೋಗಿದ್ದು ನಂದು. ಅದನ್ನ ಬೇಕಾದ್ರೆ ನಾನು ಬಿಟ್ಟುಬಿಡ್ತೀನಿ ಭಾವ, ಮೂವತ್ತೈದು ವರ್ಷ ಒಂದೇ ದೋಣೀಲಿ ಇದ್ದೋರು. ಆದ್ರೆ ಆ ಹುಡುಗಿ ಆಸ್ಪತ್ರೇಲಿ ನನ್ನ ಮಂಚದ ಪಕ್ಕ ಮೂರು ರಾತ್ರಿ ಕೂತಿದ್ಲು. ಒಂದ್ಸಲಾನೂ ಕಣ್ಣೆತ್ತಿ ನನ್ನ ಮುಖ ನೋಡ್ಲಿಲ್ಲ. ಅದನ್ನ ನೀನು ಎಲ್ಲಿಂದ ತಂದುಕೊಡ್ತೀಯ?" ಮತ್ತೆ ಬಲೆ ಎಳೆದುಕೊಂಡ. "ಹೋಗು, ನಿಂಗೆ ಕಾಫಿ ಕೊಡೋಕೆ ಮನಸ್ಸಿಲ್ಲ ಇವತ್ತು" ಎಂದ. ಅಂದಿನಿಂದ ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ.

ಅಲ್ಲಿಂದ ಮನೆಗೆ ಬಂದು ನಿನ್ನಮ್ಮನಿಗೆ ಹೇಳಿದೆ. ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ ತಿರುವುತ್ತಿದ್ದವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ನನ್ನ ತಮ್ಮನ ಕೈ ಹೋಯ್ತು, ಮಗಳು ಊರು ಬಿಟ್ಲು, ನೀನು ದಿನಾ ನನ್ನೆದುರು ಕೂತು ಸೂಪು ಕುಡೀತಿದ್ದೆ" ಎಂದಳು. ಇಷ್ಟೇ. ತಟ್ಟೆ ನನ್ನ ಮುಂದೆ ಇಟ್ಟು ತಾನು ಹೊರಗೆ ಹೋಗಿ ಕುಳಿತಳು. ಈಗಲೂ ನನಗೆ ಬಡಿಸುತ್ತಾಳೆ, ಜೊತೆಯಲ್ಲಿ ಕೂರುವುದಿಲ್ಲ. ಮರುದಿನ ವಾಂದಾಳ ಕಚೇರಿಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟು ಸಹಿ ಮಾಡಿದೆ. ಅವಳು ಎಂಜಿನಿಯರನಿಗೆ ಫೋನು ಮಾಡಿದಳು. ಕಳೆದ ಸೋಮವಾರ ಅವನು ಮತ್ತೆ ಬಂದ.

ಅವನು ಹಂಡೆಯನ್ನು ಎರಡು ಸಲ ನಡೆಸಿದ. ಮೊದಲು ಹನ್ನೆರಡು ಗಂಟೆ ಪೂರ್ತಿ ಒಣಗಿದ ಪುಡಿ. ಅದನ್ನು ಒಣಗಿಸಲು ನನ್ನನ್ನು ಬಿಡಲಿಲ್ಲ, ವಾಂದಾಳೇ ನಿಂತಿದ್ದಳು. ಎಲ್ಲ ಸಲೀಸಾಗಿ ನಡೆಯಿತು, ಎಣ್ಣೆ ಬಂತು, ಗ್ಯಾಸು ಕೊನೆಯವರೆಗೂ ಬುಸುಗುಟ್ಟಿ ಹೋಯಿತು. ಆಮೇಲೆ ಒಂಬತ್ತು ಗಂಟೆಯದು. ನಾವೆಲ್ಲ ಕಾಂಕ್ರೀಟು ಗೋಡೆಯ ಹಿಂದೆ, ವಾಲ್ವು ತೆರೆಯುವುದು ದೂರದಿಂದ. ಏಳನೆಯ ನಿಮಿಷಕ್ಕೆ ಸದ್ದು ನಿಂತಿತು. ಮುಳ್ಳು ಸೊನ್ನೆ ತೋರಿಸಿತು. ಎಂಜಿನಿಯರ್ ತಾನು ಹೊಸದಾಗಿ ಹಂಡೆಗೇ ಸಿಕ್ಕಿಸಿದ್ದ ಇನ್ನೊಂದು ಮೀಟರಿನತ್ತ ಬೆರಳು ತೋರಿಸಿದ. ಅದು ಇನ್ನೂ ನೂರಹತ್ತರಲ್ಲಿ ನಿಂತಿತ್ತು. ಜೆಲಿಂದೊ ಬಾಗಿಲ ಬಳಿ ನಿಂತಿದ್ದವನು ಹೊರಗೆ ಹೋದ. ಎಂಜಿನಿಯರ್ ಟೊಪ್ಪಿಗೆ ಹಾಕಿಕೊಳ್ಳುತ್ತಾ ನನಗೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಎರಡನೇ ಮೀಟರು ಮೊದಲೇ ಇರಬೇಕಿತ್ತು, ಅದು ನಿಮ್ಮ ಮಗಳ ತಪ್ಪು, ಅದನ್ನ ಬರೀತೀನಿ. ಉಳಿದಿದ್ದೆಲ್ಲ ಅವಳು ಸರಿಯಾಗೇ ಮಾಡಿದ್ಲು. ಚೆನ್ನಾಗಿ ಮಾಡಿದ್ಲು. ಅದನ್ನೂ ಬರೀತೀನಿ." ಮಗಳೇ, ಈ ಮಾತಿಗಾಗಿಯೇ ನಾನು ಪತ್ರ ಬರೆಯಲು ಕುಳಿತದ್ದು. ನಿನ್ನ ಲೆಕ್ಕ ತಪ್ಪಾಗಿರಲಿಲ್ಲ. ಎಂಟು ತಿಂಗಳು ನೀನು ಆ ಬೆಟ್ಟದ ಊರಿನ ಬಾಡಿಗೆ ಕೋಣೆಯಲ್ಲಿ ಕುಳಿತು ಎಲ್ಲಿ ತಪ್ಪಿದೆನೆಂದು ಹುಡುಕುತ್ತಿದ್ದೀಯ, ನಾನು ಇಲ್ಲಿ ಉತ್ತರವನ್ನು ಬಾಯಲ್ಲಿಟ್ಟುಕೊಂಡು ಕುಳಿತಿದ್ದೆ. ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ. ಆದರೂ ಕೇಳುತ್ತೇನೆ.

ಒಣಗಿಸುವ ಕೆಲಸದಿಂದ ನನ್ನನ್ನು ತೆಗೆದಿದ್ದಾರೆ, ಸರಿಯಾಗಿಯೇ ಮಾಡಿದ್ದಾರೆ. ಇಪ್ಪತ್ತೈದನೆಯ ತಾರೀಖು ಮಂಗಳವಾರ ಫೆರಾರಾದಲ್ಲಿ ಕಾರ್ಮಿಕ ಇಲಾಖೆಯ ವಿಚಾರಣೆಯಿದೆ. ನಿನ್ನನ್ನೂ ಕರೆಯುತ್ತಾರಂತೆ, ಕಾಗದ ಬರುತ್ತದೆ. ಶಿಕ್ಷೆ ಏನಾದರೂ ಆಗಲಿ, ಅದು ನನ್ನದು. ಹಂಡೆಯನ್ನು ಗುಜರಿಗೆ ಹಾಕುವುದಿಲ್ಲ. ಅದನ್ನು ನಡೆಸಲು ಯಾರನ್ನು ಕರೆಯಬೇಕೆಂದು ವಾಂದಾಳಿಗೆ ಗೊತ್ತು, ಕೇಳಲು ಅವಳಿಗೆ ಧೈರ್ಯ ಸಾಲುತ್ತಿಲ್ಲ. ನಾನಂತೂ ಕೇಳುವ ಹಕ್ಕು ಕಳೆದುಕೊಂಡವನು. ನೀನು ಮಕ್ಕಳಿಗೆ ಗಣಿತ ಹೇಳಿಕೊಡುವುದರಲ್ಲೇ ನೆಮ್ಮದಿ ಕಂಡಿದ್ದರೆ ಅಲ್ಲೇ ಇರು. ಎಲ್ಲಿದ್ದರೂ ತಲೆಯೆತ್ತಿಕೊಂಡಿರು.

ಕನ್ಯಾಮಾತೆ ನಿನ್ನನ್ನು ಕಾಯಲಿ, ಚಳಿ ನಿನ್ನ ಕಿವಿಯನ್ನು ಬಿಟ್ಟು ಬೇರೆ ದಾರಿ ಹಿಡಿಯಲಿ. ಅಮ್ಮ ಸಂಜೆ ಬಂದ ಮೇಲೆ ಎರಡು ಸಾಲು ಸೇರಿಸುತ್ತಾಳೇನೋ ಎಂದು ಕಾದು ನೋಡಬಹುದಿತ್ತು, ಅಂಚೆ ನಾಲ್ಕಕ್ಕೆ ಹೋಗುತ್ತದೆ. ನೀನು ಚೆನ್ನಾಗಿರಬೇಕೆಂದು ದಿನವೂ ಬಯಸುವ,

ನಿನ್ನ ಅಪ್ಪ
ಅದೆಲ್ಮೊ

ಮರೆಯುವ ಮುನ್ನ: ಮರೆಯುವ ಮಾತೇ ಅಲ್ಲ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ವಾಂದಾ ಸೈಕಲ್ಲಿನಲ್ಲಿ ಬಂದಳು, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ವಿಚಾರಣೆಯವರಿಗೆ ಕೊಡಲು ನಿನ್ನ ಮೇಜಿನ ಖಾನೆ ಬರಿದು ಮಾಡುವಾಗ ಒಂದು ಚೀಟಿ ಸಿಕ್ಕಿತಂತೆ. ಬೇರೆ ಯಾರಿಗೂ ತೋರಿಸದೆ ನೇರ ನನ್ನ ಬಳಿ ತಂದಳು. ನಿನ್ನ ಕೈಬರಹ. "ಮಾರ್ಚ್ 13. ಚೀಲದಲ್ಲಿ ಉಳಿದ ಪುಡಿ. ಮೂರು ಸಲ ತೂಗಿದೆ. ತೇವ ಹದಿನೈದು." ಮಾರ್ಚ್ ಹದಿಮೂರು, ಇಲೇನಿಯಾ. ಅಪಘಾತದ ಮರುದಿನ, ರಾಜೀನಾಮೆಗೆ ಎರಡು ದಿನ ಮೊದಲು. ನಾನು ಏಳು ಎಂದು ಸುಳ್ಳು ಬರೆದದ್ದು ನಿನಗೆ ಗೊತ್ತಿತ್ತು. ಬಸ್ಸಿನ ಬಾಗಿಲಲ್ಲಿ ನಾನು ಪೆಟ್ಟಿಗೆ ಎತ್ತಿ ಕೊಟ್ಟಾಗಲೂ ಗೊತ್ತಿತ್ತು. ಮೇಲೆ ಬರೆದದ್ದನ್ನೆಲ್ಲ ಹರಿದು ಬೇರೆ ಬರೆಯಬೇಕು ಅನ್ನಿಸುತ್ತಿದೆ, ಸಮಯವಿಲ್ಲ, ಹಾಗೇ ಓದು. ಈ ಚೀಟಿ ಹೊರಗೆ ಬಂದರೆ, ಗೊತ್ತಿದ್ದೂ ಮುಚ್ಚಿಟ್ಟಳೆಂದು ನಿನ್ನ ಮೇಲೂ ಬರುತ್ತದೆ ಎಂದು ವಾಂದಾ ಹೇಳುತ್ತಾಳೆ. ಒಲೆ ಉರಿಯುತ್ತಲೇ ಇದೆ, ಎರಡು ಹೆಜ್ಜೆ ದೂರ. ಹಾಕಲಿಲ್ಲ. ಇದೇ ಲಕೋಟೆಯಲ್ಲಿ ಇಡುತ್ತಿದ್ದೇನೆ. ನಿನಗೆ ಒಳ್ಳೆಯದಾಗಲಿ ಎಂದು ನಿನ್ನನ್ನು ಕೇಳದೆ ಒಮ್ಮೆ ಮಾಡಿದ್ದು ಸಾಕು. ಸುಡುವುದೋ, ಇಪ್ಪತ್ತೈದರಂದು ಫೆರಾರಾಕ್ಕೆ ತರುವುದೋ, ನೀನೇ ಹೇಳು. ಕಾಗದ ತಲುಪಿದ ಮೇಲಿನ ಭಾನುವಾರ ಫೋನು ನಾನೇ ಮಾಡುತ್ತೇನೆ.